ಕುಲದ ಪಾಲು, ಬಾಳಿನ ಪಾಲು

ಭದ್ರಾನದಿಯ ದಡದ ಹೊಳೆಹೊನ್ನೂರಿನಲ್ಲಿ, ಶ್ರೀ ಸತ್ಯಧರ್ಮತೀರ್ಥರ ಬೃಂದಾವನದ ದರ್ಶನಕ್ಕೆಂದು ಬಂದಿದ್ದ ವೈದ್ಯೆಯೊಬ್ಬರಿಗೂ, ಅದೇ ಊರಿನಲ್ಲಿ ಬಹುಕಾಲ ಪಾಠ ಹೇಳಿ ವಿಶ್ರಾಂತರಾಗಿದ್ದ ಉಪಾಧ್ಯಾಯರೊಬ್ಬರಿಗೂ ನಡೆದ ಸಂಭಾಷಣೆ.

ಉಪಾಧ್ಯಾಯರು: ನನ್ನ ಅಕ್ಕ ಸ್ತನದ ಕ್ಯಾನ್ಸರಿನಿಂದ ತೀರಿಕೊಂಡಳು, ಈಗ ಆಕೆಯ ಮಗಳಿಗೆ, ಇನ್ನೂ ನಲವತ್ತು ತುಂಬುವುದಕ್ಕೆ ಮುಂಚೆಯೇ, ಅದೇ ವ್ಯಾಧಿ ಕಾಣಿಸಿಕೊಂಡಿದೆ. ಇದರ ಕಾರಣವೇನೆಂಬುದರಲ್ಲಿ ನಮ್ಮ ಮನೆಯಲ್ಲಿಯೇ ಎರಡು ಪಕ್ಷಗಳಾಗಿವೆ. ಇದು ಕುಲದಲ್ಲಿಯೇ ಬಂದದ್ದು, ರಕ್ತದಲ್ಲಿರುವುದನ್ನು ತಪ್ಪಿಸುವವರು ಯಾರು ಎಂಬುದು ನನ್ನ ಹೆಂಡತಿಯ ವಾದ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ಬಂದ ನನ್ನ ತಮ್ಮನಾದರೋ, ಕುಲದ ಮಾತೇ ಬೇಡ, ಕಾರ್ಖಾನೆಯ ಹೊಗೆ, ಹೊಳೆಗೆ ಬಿಟ್ಟ ನೀರು, ಗದ್ದೆಗೂ ತೋಟಕ್ಕೂ ಹೊಡೆಯುವ ಔಷಧ, ಇವೇ ಇದಕ್ಕೆ ಮೂಲವೆನ್ನುತ್ತಾನೆ. ಇಬ್ಬರೂ ಅಷ್ಟೇ ದೃಢವಾಗಿ ಹೇಳುವುದರಿಂದ, ಯಾರ ಮಾತನ್ನು ಹಿಡಿಯಬೇಕೋ ಯಾರದನ್ನು ಬಿಡಬೇಕೋ ನನಗೆ ತಿಳಿಯದಾಗಿದೆ.

ವೈದ್ಯೆ: ಈ ಎರಡು ಪಕ್ಷಗಳು ನಿಮ್ಮ ಮನೆಯಲ್ಲಿ ಹುಟ್ಟಿದವಲ್ಲ; ಇವಕ್ಕೆ ಮುನ್ನೂರು ವರ್ಷಗಳ ವಯಸ್ಸಾಗಿದೆ. ಇಟಲಿ ದೇಶದ ವೈದ್ಯನಾದ ರಾಮಜ್ಜಿನಿಯು 1713ರಲ್ಲಿ, ಮಠಗಳಲ್ಲಿ ವ್ರತಸ್ಥರಾಗಿ ಬಾಳುತ್ತಿದ್ದ ಕ್ರೈಸ್ತ ಸನ್ಯಾಸಿನಿಯರಿಗೆ ಈ ರೋಗವು ಇತರ ಸ್ತ್ರೀಯರಿಗಿಂತ ಹೆಚ್ಚಾಗಿ ಬರುವುದನ್ನು ಕಂಡು ಬರೆದಿಟ್ಟನು; ಹೆರದೆ, ಹಾಲೂಡದೆ ಕಳೆದ ಬಾಳಿಗೂ ರೋಗಕ್ಕೂ ಏನೋ ಸಂಬಂಧವಿರಬೇಕೆಂಬುದಕ್ಕೆ ಅದು ಮೊದಲ ಸೂಚನೆ. ಫ್ರಾನ್ಸಿನ ಶಸ್ತ್ರವೈದ್ಯ ಪಾಲ್ ಬ್ರೋಕಾ ಎಂಬವನು 1866ರಲ್ಲಿ ತನ್ನ ಹೆಂಡತಿಯ ತವರಿನ ವಂಶವೃಕ್ಷವನ್ನೇ ಬರೆದು, ನಾಲ್ಕು ತಲೆಮಾರುಗಳ ಹೆಂಗಸರು ಒಬ್ಬರ ತರುವಾಯ ಒಬ್ಬರು ಇದಕ್ಕೆ ಬಲಿಯಾದುದನ್ನು ತೋರಿಸಿದನು. ಒಬ್ಬನ ಕಣ್ಣಿಗೆ ಬಾಳು ಕಂಡಿತು, ಇನ್ನೊಬ್ಬನ ಕಣ್ಣಿಗೆ ಕುಲ ಕಂಡಿತು. ಅವರಿಬ್ಬರೂ ಕಂಡದ್ದು ನಿಜ. ನಿಮ್ಮ ಮನೆಯವರು ಹೇಳುವುದರಲ್ಲಿಯೂ ನಿಜವಿದೆ. ಆದರೆ ಒಂದನ್ನು ಹಿಡಿದವರು ಇನ್ನೊಂದನ್ನು ಬಿಡಬೇಕೆಂದು ತಿಳಿದುಕೊಂಡಿರುವುದರಲ್ಲಿಯೇ ತೊಡಕಿರುವುದು.

ಉಪಾಧ್ಯಾಯರು: ಮೊದಲು ಕುಲದ ಮಾತನ್ನೇ ಬಿಡಿಸಿ ಹೇಳಿ. ರಕ್ತದಲ್ಲಿ ಬರುವುದೆಂದರೆ ಬರುವುದಾದರೂ ಏನು?

ವೈದ್ಯೆ: ರೋಗವು ಬರುವುದಿಲ್ಲ, ರೋಗವನ್ನು ತಡೆಯುವ ಶಕ್ತಿಯಲ್ಲಿ ಒಂದು ಕೊರತೆ ಬರುತ್ತದೆ. ನಮ್ಮ ದೇಹದ ಜೀವಕೋಶಗಳಲ್ಲಿರುವ ಡಿಎನ್‌ಎ ಎಳೆಗಳು, ಕೋಶವು ಒಡೆದು ಎರಡಾಗುವ ಹೊತ್ತಿನಲ್ಲಿಯೂ, ವಿಕಿರಣ ತಾಗಿದಾಗಲೂ, ದೇಹದೊಳಗೇ ಅಹರ್ನಿಶಿ ನಡೆಯುವ ರಾಸಾಯನಿಕ ವ್ಯಾಪಾರಗಳಿಂದಲೂ ತುಂಡಾಗುತ್ತಲೇ ಇರುತ್ತವೆ. ಹಾಗೆ ತುಂಡಾದುದನ್ನು ಅಕ್ಷರದೋಷವಿಲ್ಲದೆ ಮರಳಿ ಕೂಡಿಸುವ ಕಾರ್ಯದಲ್ಲಿ ಮುಖ್ಯವಾದವು ಬಿಆರ್‌ಸಿಎ-1 ಮತ್ತು ಬಿಆರ್‌ಸಿಎ-2 ಎಂಬ ಎರಡು ವಂಶವಾಹಿಗಳು. ಮೊದಲನೆಯದು ಹದಿನೇಳನೆಯ ವರ್ಣತಂತುವಿನಲ್ಲಿದೆಯೆಂಬುದನ್ನು ಮೇರಿ-ಕ್ಲೇರ್ ಕಿಂಗ್ ಎಂಬ ಅಮೆರಿಕದ ವಿದುಷಿ, ಅನೇಕ ವರ್ಷಗಳ ಕಾಲ ಇಂಥ ಕುಟುಂಬಗಳನ್ನು ಬೆನ್ನುಹತ್ತಿ ಹೋಗಿ, 1990ರಲ್ಲಿ ತೋರಿಸಿಕೊಟ್ಟರು. 1994ರಲ್ಲಿ ಆ ವಂಶವಾಹಿಯೇ ಕೈಗೆ ಸಿಕ್ಕಿತು, ಹದಿಮೂರನೆಯ ವರ್ಣತಂತುವಿನಲ್ಲಿರುವ ಎರಡನೆಯದು 1995ರಲ್ಲಿ. ಇವು ನಮ್ಮೆಲ್ಲರಲ್ಲಿಯೂ ಇವೆ, ತಾಯಿಯಿಂದ ಬಂದ ಒಂದು ಪ್ರತಿ, ತಂದೆಯಿಂದ ಬಂದ ಒಂದು ಪ್ರತಿ. ಆ ಎರಡರಲ್ಲಿ ಒಂದು ಕೆಟ್ಟು ಬಂದಿದ್ದರೆ, ಉಳಿದೊಂದು ಪ್ರತಿ ಅನೇಕ ವರ್ಷ ಕೆಲಸ ನಡೆಸುತ್ತದೆ; ಎಂದಾದರೊಂದು ದಿನ, ಯಾವುದಾದರೊಂದು ಕೋಶದಲ್ಲಿ ಅದೂ ಕೆಟ್ಟರೆ, ಆ ಕೋಶಕ್ಕೆ ರಕ್ಷಣೆಯಿಲ್ಲದಂತಾಗುತ್ತದೆ. ಇಂಥ ದೋಷವನ್ನು ಹೊತ್ತ ಸ್ತ್ರೀಯರಲ್ಲಿ ಎಂಬತ್ತು ವರ್ಷದೊಳಗೆ ನೂರಕ್ಕೆ ಸುಮಾರು ಎಪ್ಪತ್ತು ಮಂದಿಗೆ ಸ್ತನದ ಕ್ಯಾನ್ಸರ್ ಬರುವುದೆಂದು 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಲೆಕ್ಕ ಹಾಕಿದೆ. ನಮ್ಮ ದೇಶದ ಸಾಮಾನ್ಯ ಸ್ತ್ರೀಯರಲ್ಲಿ ಎಪ್ಪತ್ತನಾಲ್ಕು ವರ್ಷದೊಳಗೆ ಇದಕ್ಕೆ ಗುರಿಯಾಗುವವರು ಇಪ್ಪತ್ತೊಂಬತ್ತು ಮಂದಿಗೆ ಒಬ್ಬರ ಪ್ರಮಾಣದಲ್ಲಿದ್ದಾರೆ.

ಉಪಾಧ್ಯಾಯರು: ನೂರಕ್ಕೆ ಎಪ್ಪತ್ತು! ಹಾಗಾದರೆ ನನ್ನ ಹೆಂಡತಿ ಹೇಳುವುದೇ ಸರಿಯಾಯಿತಲ್ಲ. ಹುಟ್ಟುವಾಗಲೇ ಬರೆದು ಕಳಿಸಿದ ಮೇಲೆ ಮನುಷ್ಯನು ಮಾಡುವುದೇನಿದೆ?

ವೈದ್ಯೆ: ಅದೇ ಮೇರಿ-ಕ್ಲೇರ್ ಕಿಂಗ್ ತಮ್ಮ ಸಂಗಡಿಗರೊಡನೆ 2003ರಲ್ಲಿ ಪ್ರಕಟಿಸಿದ ಇನ್ನೊಂದು ಶೋಧನೆಯನ್ನು ಕೇಳಿ ಆಮೇಲೆ ಹೇಳಿ. ನ್ಯೂಯಾರ್ಕ್ ನಗರದ ಯಹೂದಿ ಮನೆತನಗಳಲ್ಲಿ ಸ್ತನದ ಕ್ಯಾನ್ಸರಿಗೆ ಗುರಿಯಾದ ಸಾವಿರಕ್ಕೂ ಹೆಚ್ಚು ಸ್ತ್ರೀಯರಿಂದ ಆರಂಭಿಸಿ, ದೋಷವಿದ್ದವರ ಬಂಧುಗಳನ್ನೂ ಪರೀಕ್ಷಿಸಿ, ಯಾರು ಆ ಪ್ರತಿಯನ್ನು ಹೊತ್ತಿದ್ದಾರೆ, ಅವರಲ್ಲಿ ಯಾರಿಗೆ ಯಾವ ವಯಸ್ಸಿನಲ್ಲಿ ರೋಗ ಬಂತು ಎಂಬುದನ್ನು ಅವರು ವಿಚಾರಿಸಿದರು. 1940ಕ್ಕೆ ಮುಂಚೆ ಹುಟ್ಟಿದ ದೋಷವಾಹಿನಿಯರಲ್ಲಿ ಐವತ್ತು ವರ್ಷದೊಳಗೆ ರೋಗ ಬಂದವರು ನೂರಕ್ಕೆ 24. 1940ರ ಅನಂತರ ಹುಟ್ಟಿದವರಲ್ಲಿ ನೂರಕ್ಕೆ 67. ಅದೇ ಜನಾಂಗ, ಅದೇ ಮನೆತನ, ಅಕ್ಷರಶಃ ಅದೇ ದೋಷ. ಅಜ್ಜಿಗೂ ಮೊಮ್ಮಗಳಿಗೂ ಆ ಒಂದು ಪ್ರತಿಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಹಾಗಿದ್ದೂ ಮೊಮ್ಮಗಳಿಗೆ ಆಪತ್ತು ಅಷ್ಟು ಬೇಗ ಬಂದಿತೆಂದರೆ, ಬದಲಾದದ್ದು ರಕ್ತವಲ್ಲ, ಆ ರಕ್ತವು ಹರಿದಾಡಿದ ಬಾಳು. ಹರೆಯದಲ್ಲಿ ಮೈ ದಂಡಿಸಿ ಓಡಾಡಿದವರಿಗೂ, ಆ ವಯಸ್ಸಿನಲ್ಲಿ ಸ್ಥೂಲಕಾಯವಿಲ್ಲದಿದ್ದವರಿಗೂ ರೋಗವು ತಡವಾಗಿ ಬಂದುದನ್ನೂ ಅವರು ಕಂಡರು. ಈ ಶಾಸ್ತ್ರದಲ್ಲಿ ನನ್ನ ಮನಸ್ಸನ್ನು ಇಷ್ಟು ಹಿಡಿದ ಅಂಕಿಗಳು ಬೇರೆ ಇಲ್ಲ. ಕುಲವೇ ಸರ್ವಸ್ವವೆನ್ನುವವರಿಗೂ, ಕುಲವೇ ಇಲ್ಲವೆನ್ನುವವರಿಗೂ ಇದೊಂದೇ ಉತ್ತರ.

ಉಪಾಧ್ಯಾಯರು: ಅದು ನ್ಯೂಯಾರ್ಕಿನ ಮಾತು. ನಮ್ಮ ನಾಡಿನಲ್ಲಿ ಇಂಥದೇನಾದರೂ ಕಂಡಿದೆಯೇ?

ವೈದ್ಯೆ: ಕಂಡಿದೆ. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯು, 1982ರಿಂದ ಆ ನಗರದ ಕ್ಯಾನ್ಸರ್ ರೋಗಿಗಳ ದಾಖಲೆಯನ್ನು ಎಡೆಬಿಡದೆ ಇಡುತ್ತ ಬಂದಿದೆ. ಆರಂಭದ ವರ್ಷಗಳಲ್ಲಿ ಹೆಂಗಸರಿಗೆ ಬರುತ್ತಿದ್ದ ಕ್ಯಾನ್ಸರುಗಳಲ್ಲಿ ಗರ್ಭಕೊರಳಿನದು ಮೊದಲಾಗಿತ್ತು. ವರ್ಷೇವರ್ಷೇ ಅದು ಇಳಿಯುತ್ತ, ಸ್ತನದ್ದು ಏರುತ್ತ ಹೋಗಿ, ಈಗ ಸ್ತನದ್ದೇ ಮೊದಲನೆಯ ಸ್ಥಾನದಲ್ಲಿದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಲಕ್ಷ ಮಂದಿ ಸ್ತ್ರೀಯರಲ್ಲಿ ಸುಮಾರು ನಲವತ್ತು ಮಂದಿಗೆ ಬರುವ ಈ ರೋಗವು, ಕನ್ನಡ ಮಾತು ಇಂದಿಗೂ ಕೇಳಿಬರುವ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯ ಹಳ್ಳಿಗಳಲ್ಲಿ ಅದರ ಅರ್ಧದಷ್ಟೂ ಇಲ್ಲ. ಅಲ್ಲಿಯೂ 1987ರಿಂದ ಹಳ್ಳಿಹಳ್ಳಿಗೆ ಹೋಗಿ ಲೆಕ್ಕ ಬರೆದಿದ್ದಾರೆ. ನಾಲ್ಕು ದಶಕಗಳಲ್ಲಿ ಒಂದು ನಗರದ ಜನರ ವಂಶವಾಹಿಗಳು ಬದಲಾಗಲಾರವು. ಜಪಾನಿನಿಂದಲೂ ಚೀನದಿಂದಲೂ ಅಮೆರಿಕಕ್ಕೆ ಹೋಗಿ ನೆಲಸಿದವರ ಹೆಣ್ಣುಮಕ್ಕಳಲ್ಲಿಯೂ ಹೀಗೆಯೇ, ತಲೆಮಾರು ಕಳೆದಂತೆಲ್ಲ ರೋಗದ ಪ್ರಮಾಣವು ತೌರೂರಿನದನ್ನು ಬಿಟ್ಟು ಹೋದೂರಿನದನ್ನು ಸಮೀಪಿಸಿತು.

ಉಪಾಧ್ಯಾಯರು: ಬಾಳು ಬದಲಾಯಿತೆಂದರೆ ಯಾವುದು ಬದಲಾಯಿತೆಂದು ಹೇಳಬೇಕು. ಪರಿಸರವೆಂಬ ಮಾತು ಬಹಳ ದೊಡ್ಡದು.

ವೈದ್ಯೆ: ವೈದ್ಯರು ಪರಿಸರವೆಂದಾಗ ಗಾಳಿ ನೀರುಗಳನ್ನಷ್ಟೇ ಹೇಳುವುದಿಲ್ಲ, ಹುಟ್ಟಿದಾಗ ಬಾರದೆ ಆಮೇಲೆ ಬಂದು ಸೇರುವುದೆಲ್ಲವೂ ಅದರೊಳಗೆ ಅಡಕವಾಗಿದೆ. ಹುಡುಗಿ ಯಾವ ವಯಸ್ಸಿನಲ್ಲಿ ಋತುಮತಿಯಾದಳು, ಮೊದಲ ಹೆರಿಗೆ ಎಂದಾಯಿತು, ಎಷ್ಟು ಮಕ್ಕಳಾದವು, ಎಷ್ಟು ತಿಂಗಳು ಮೊಲೆಯೂಡಿದಳು, ಮುಟ್ಟು ನಿಂತದ್ದು ಯಾವಾಗ, ಇವೆಲ್ಲವೂ ಸ್ತನದ ಕೋಶಗಳು ಈಸ್ಟ್ರೋಜೆನ್ ಎಂಬ ಸ್ತ್ರೀರಸಕ್ಕೆ ಎಷ್ಟು ವರ್ಷ ಒಡ್ಡಿಕೊಂಡವೆಂಬುದರ ಲೆಕ್ಕವೇ. ಮೂವತ್ತು ದೇಶಗಳ 47 ಅಧ್ಯಯನಗಳನ್ನು ಒಂದುಗೂಡಿಸಿ 2002ರಲ್ಲಿ ಕಂಡುಕೊಂಡದ್ದೇನೆಂದರೆ, ಪ್ರತಿಯೊಂದು ಹೆರಿಗೆಯಿಂದ ಅಪಾಯವು ನೂರಕ್ಕೆ 7ರಷ್ಟೂ, ಮೊಲೆಯೂಡಿದ ಪ್ರತಿ ಹನ್ನೆರಡು ತಿಂಗಳಿಗೆ ಅದಕ್ಕೆ ಮೇಲಾಗಿ 4.3ರಷ್ಟೂ ತಗ್ಗುತ್ತದೆ. ಮುಟ್ಟು ನಿಂತ ಮೇಲೆ ಅಂಡಾಶಯಗಳು ಸುಮ್ಮನಾದರೂ, ಮೈಯ ಕೊಬ್ಬು ಈಸ್ಟ್ರೋಜೆನ್ನನ್ನು ತಯಾರಿಸುತ್ತಲೇ ಇರುವುದರಿಂದ, ಆ ವಯಸ್ಸಿನಲ್ಲಿ ಏರಿದ ತೂಕವು ಅಪಾಯವನ್ನು ಏರಿಸುತ್ತದೆ. ಮದ್ಯವು ಸ್ವಲ್ಪವೇ ಆದರೂ ಏರಿಸುತ್ತದೆ; ಮುಟ್ಟು ನಿಂತವರಿಗೆ ಎರಡು ಹಾರ್ಮೋನುಗಳನ್ನು ಕೂಡಿಸಿ ವರ್ಷಗಟ್ಟಲೆ ಕೊಡುವ ಗುಳಿಗೆಯೂ ಏರಿಸುತ್ತದೆಂಬುದು 2002ರಲ್ಲಿಯೇ ಸ್ಪಷ್ಟವಾಯಿತು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಈ ಪಟ್ಟಿಯನ್ನು ಓದಿದವರು ಕೆಲವರು, ಹುಡುಗಿಯರು ಓದಿ, ಕೆಲಸಕ್ಕೆ ಹೋಗಿ, ತಡವಾಗಿ ಮದುವೆಯಾದುದರಿಂದಲೇ ರೋಗ ಬಂತೆಂದು, ಹಾಸಿಗೆ ಹಿಡಿದವಳ ಎದುರಿಗೇ ನುಡಿಯುವುದನ್ನು ನಾನು ಕೇಳಿದ್ದೇನೆ. ಅದು ಕ್ರೌರ್ಯ. ಒಬ್ಬಳ ಮಟ್ಟಿಗೆ ಈ ಕಾರಣಗಳು ಒಂದೊಂದೂ ಅತ್ಯಲ್ಪ. ಲಕ್ಷಾಂತರ ಜನರ ಲೆಕ್ಕದಲ್ಲಿ ಕಾಣುವುದನ್ನು ತಂದು ಒಬ್ಬಳ ಮೇಲೆ ಅಪರಾಧವಾಗಿ ಹೊರಿಸುವ ಅಧಿಕಾರ ಯಾರಿಗೂ ಇಲ್ಲ.

ಉಪಾಧ್ಯಾಯರು: ನನ್ನ ಅಕ್ಕ ನಾಲ್ವರನ್ನು ಹೆತ್ತವಳು, ಎಲ್ಲರಿಗೂ ಎರಡೆರಡು ವರ್ಷ ಹಾಲೂಡಿದವಳು. ಸೂರ್ಯ ಹುಟ್ಟುವ ಮುಂಚೆ ಎದ್ದರೆ ರಾತ್ರಿಯವರೆಗೆ ದುಡಿಮೆಯೇ. ಅವಳಿಗೇಕೆ ಬಂತೆಂದೇ ನನ್ನ ತಮ್ಮ ಕಾರ್ಖಾನೆಯತ್ತ ಬೆರಳು ತೋರಿಸುವುದು.

ವೈದ್ಯೆ: ತೋರಿಸಲಿ, ಆದರೆ ಅನುಮಾನ ಬೇರೆ, ಪ್ರಮಾಣ ಬೇರೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದ್ದು 1923ರಲ್ಲಿ. ಮಲೆನಾಡಿನ ಕಾಡಿನ ಮರವನ್ನು ಇದ್ದಲಾಗಿಸಿ ಅಲ್ಲಿ ಅದಿರು ಕರಗಿಸುತ್ತಿದ್ದರು. ಕಾಗದದ ಕಾರ್ಖಾನೆ 1936ರಲ್ಲಿ ಸ್ಥಾಪಿತವಾಯಿತು. ಒಂದು ಊರಿನಲ್ಲಿ ಹೊಗೆಯೂ ಇದೆ, ರೋಗಿಯೂ ಇದ್ದಾಳೆಂಬ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಯಾರು ಎಷ್ಟು ವರ್ಷ ಎಲ್ಲಿ ವಾಸವಾಗಿದ್ದರು, ಅವರಲ್ಲಿ ಎಷ್ಟು ಮಂದಿಗೆ ಬಂತು, ದೂರದ ಊರುಗಳಲ್ಲಿ ಎಷ್ಟು ಮಂದಿಗೆ ಬಂತು ಎಂದು ಮನೆಮನೆಯ ಲೆಕ್ಕವನ್ನು ದಶಕಗಟ್ಟಲೆ ಬರೆದಿಟ್ಟರೆ ಮಾತ್ರ ಹೇಳಲಾಗುವುದು. ವಸ್ತುವಿನ ಹೆಸರಿನಷ್ಟೇ, ಅದು ಯಾವ ವಯಸ್ಸಿನಲ್ಲಿ ಮೈಗೆ ಸೇರಿತೆಂಬುದೂ ಮುಖ್ಯ. ಹಿರೋಷಿಮಾದಲ್ಲಿ ವಿಕಿರಣಕ್ಕೆ ಸಿಕ್ಕಿ ಬದುಕಿ ಉಳಿದ ಸ್ತ್ರೀಯರಲ್ಲಿ, ಆಗ ಎಳೆಯ ಹುಡುಗಿಯರಾಗಿದ್ದವರಿಗೇ ಮುಂದೆ ಈ ರೋಗದ ಅಪಾಯ ಅಧಿಕವಾಯಿತು. ಕ್ಯಾಲಿಫೋರ್ನಿಯಾದಲ್ಲಿ 1959ರಿಂದ 1967ರವರೆಗೆ ಆಗತಾನೆ ಹೆತ್ತ ತಾಯಂದಿರಿಂದ ತೆಗೆದು ಕಾದಿರಿಸಿದ್ದ ರಕ್ತವನ್ನು ಅನೇಕ ವರ್ಷಗಳ ತರುವಾಯ ಪರೀಕ್ಷಿಸಿದಾಗ, ರಕ್ತದಲ್ಲಿ ಡಿಡಿಟಿ ಎಂಬ ಕೀಟನಾಶಕ ಹೆಚ್ಚಾಗಿದ್ದವರಲ್ಲಿ, ಹದಿನಾಲ್ಕು ವರ್ಷ ತುಂಬುವ ಮೊದಲೇ ಆ ಔಷಧದ ಕಾಲಕ್ಕೆ ಸಿಕ್ಕಿದವರಿಗೆ ಸ್ತನದ ಕ್ಯಾನ್ಸರಿನ ಅಪಾಯ ಐದು ಪಟ್ಟು ಕಂಡಿತು. ಅದಕ್ಕಿಂತ ಹಿರಿಯರಾಗಿದ್ದವರಲ್ಲಿ ಹಾಗೆ ಕಾಣಲಿಲ್ಲ.

ಉಪಾಧ್ಯಾಯರು: ಡಿಡಿಟಿ! ನಾವು ಚಿಕ್ಕವರಿದ್ದಾಗ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಬಂದವರು ಮನೆಯೊಳಗಿನ ಗೋಡೆಗಳಿಗೂ, ಕೊಟ್ಟಿಗೆಗೂ, ಅಟ್ಟದ ಕೆಳಗೂ ಹೊಡೆದು ಹೋಗುತ್ತಿದ್ದರು. ಗೋಡೆಯೆಲ್ಲ ಬೆಳ್ಳಗೆ ಕಲೆಯಾಗುತ್ತಿತ್ತು. ಅಕ್ಕ ಆಗ ಲಂಗದ ಹುಡುಗಿ. ಅವರು ಹೋದ ಮೇಲೆ ನೆಲ ಗುಡಿಸುತ್ತಿದ್ದವಳು ಅವಳೇ.

ವೈದ್ಯೆ: ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾದದ್ದು 1953ರಲ್ಲಿ; ಮಲೆನಾಡಿನ ಅಂಚಿನ ಈ ಊರುಗಳು ಚಳಿಜ್ವರದಿಂದ ಎಷ್ಟು ಬೆಂದಿದ್ದವೆಂಬುದನ್ನು ನಿಮ್ಮ ಹಿರಿಯರು ಹೇಳಿರಬಹುದು. ಆ ಔಷಧವು ಉಳಿಸಿದ ಪ್ರಾಣಗಳನ್ನು ಮರೆಯುವುದು ಕೃತಘ್ನತೆ. ಅದು ಕೊಬ್ಬಿನಲ್ಲಿ ಬಹುಕಾಲ ನಿಲ್ಲುವ ವಸ್ತುವೆಂಬುದನ್ನು ಮುಚ್ಚಿಡುವುದೂ ತಪ್ಪು. ನಿಮ್ಮ ಅಕ್ಕನ ರೋಗಕ್ಕೆ ಅದೇ ಕಾರಣವೆಂದು ನಾನು ಹೇಳಲಾರೆ. ಒಬ್ಬಳ ವಿಷಯದಲ್ಲಿ ಹಾಗೆ ಹೇಳಬಲ್ಲ ಪರೀಕ್ಷೆ ಯಾವುದೂ ಇಲ್ಲ.

ಉಪಾಧ್ಯಾಯರು: ಕುಲದ ಪಾಲೆಷ್ಟು, ಬಾಳಿನ ಪಾಲೆಷ್ಟು ಎಂದಾದರೂ ಭಾಗ ಮಾಡಿ ಹೇಳಬಹುದಷ್ಟೆ?

ವೈದ್ಯೆ: ಸ್ವೀಡನ್, ಡೆನ್ಮಾರ್ಕ್, ಫಿನ್‌ಲೆಂಡ್ ದೇಶಗಳ 44,788 ಜೊತೆ ಅವಳಿಗಳನ್ನು ಪರಿಶೀಲಿಸಿದ ವಿದ್ವಾಂಸರು, ಸ್ತನದ ಕ್ಯಾನ್ಸರಿನಲ್ಲಿ ಅನುವಂಶದ ಪಾಲು ನೂರಕ್ಕೆ 27 ಎಂದು 2000ದಲ್ಲಿ ಬರೆದರು. ಆದರೆ ಅದು ಒಂದು ಜನಸಮುದಾಯದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸವನ್ನು ಕುರಿತ ಅಂಕಿ. ನಿಮ್ಮ ಅಕ್ಕನ ಗಂಟಿನಲ್ಲಿ ಕಾಲುಭಾಗ ಕುಲದ್ದು, ಮುಕ್ಕಾಲು ಬಾಳಿನದು ಎಂದು ಅದರ ಅರ್ಥವಲ್ಲ. ನಿಮ್ಮೂರಿಗೆ ಹತ್ತಿರವೇ ಇರುವ ಕೂಡಲಿಯಲ್ಲಿ ಸಂಗಮಕ್ಕೆ ಮೇಲೆ ನಿಂತು ತುಂಗೆಯಲ್ಲಿ ಎಷ್ಟು ನೀರು, ಭದ್ರೆಯಲ್ಲಿ ಎಷ್ಟು ನೀರು ಎಂದು ಅಳೆಯಬಹುದು; ಸಂಗಮಕ್ಕೆ ಕೆಳಗೆ ಒಂದು ಬೊಗಸೆ ನೀರನ್ನು ಮೊಗೆದು, ಇದರಲ್ಲಿ ತುಂಗೆಯದು ಯಾವುದು ಭದ್ರೆಯದು ಯಾವುದು ಎಂದು ಕೇಳಿದರೆ ಉತ್ತರವಿಲ್ಲ. ಕೆಟ್ಟ ಪ್ರತಿಯಿದ್ದರೂ ಎಳೆ ತುಂಡಾಗದಿದ್ದರೆ ಕೂಡಿಸುವ ಪ್ರಸಕ್ತಿಯೇ ಬಾರದು. ಎಳೆ ತುಂಡಾದರೂ ಪ್ರತಿಗಳೆರಡೂ ಸರಿಯಾಗಿದ್ದರೆ ಅದು ಕೂಡಿಕೊಳ್ಳುತ್ತದೆ. ಕುಲವು ಕೆಲಸ ಮಾಡುವುದೇ ಬಾಳಿನ ಮೂಲಕ.

ಉಪಾಧ್ಯಾಯರು: ಇನ್ನೊಂದು ಸಂಶಯವಿದೆ. ನಮ್ಮಲ್ಲಿ ಸೋದರಮಾವನಿಗೂ ಸೋದರತ್ತೆಯ ಮಗನಿಗೂ ಹೆಣ್ಣು ಕೊಡುವುದು ಹಿಂದಿನಿಂದ ಬಂದ ಪದ್ಧತಿ. ರಕ್ತಕ್ಕೆ ರಕ್ತ ಸೇರಿದ್ದರಿಂದ ಇದು ಹೆಚ್ಚಿತೇ?

ವೈದ್ಯೆ: ಕರ್ನಾಟಕದಲ್ಲಿ ಇಂಥ ಮದುವೆಗಳನ್ನು ಕುರಿತು ವಿಸ್ತಾರವಾದ ಅಧ್ಯಯನವೇ ನಡೆದಿದೆ, 1980ರ ದಶಕದಲ್ಲಿ ಬೆಂಗಳೂರು ಮೈಸೂರುಗಳ ಹೆರಿಗೆ ಆಸ್ಪತ್ರೆಗಳಲ್ಲಿ ವಿಚಾರಿಸಿದಾಗ ಸುಮಾರು ಮೂರರಲ್ಲೊಂದು ಮದುವೆ ಸಂಬಂಧಿಕರೊಳಗಿನದಾಗಿತ್ತು. ಆದರೆ ಸ್ತನದ ಕ್ಯಾನ್ಸರಿನ ಅಪಾಯಕ್ಕೆ ಕೆಟ್ಟ ಪ್ರತಿ ಒಂದೇ ಸಾಕು, ಎರಡು ಬೇಕಿಲ್ಲ. ಆದುದರಿಂದ ಅದನ್ನು ಈ ಪದ್ಧತಿಯ ತಲೆಗೆ ಕಟ್ಟುವಂತಿಲ್ಲ. ಇಬ್ಬರು ದೋಷವಾಹಿಗಳು ಮದುವೆಯಾಗಿ, ಮಗುವಿಗೆ ಬಿಆರ್‌ಸಿಎ-2ರ ಎರಡು ಪ್ರತಿಗಳೂ ಕೆಟ್ಟು ಬಂದರೆ, ಫ್ಯಾಂಕೋನಿ ಅನೀಮಿಯಾ ಎಂಬ ಘೋರವಾದ ಬೇರೊಂದು ರೋಗ ಬರುವುದುಂಟು. ಅದು ವಿರಳ.

ಉಪಾಧ್ಯಾಯರು: ಹಾಗಾದರೆ ಅಕ್ಕನಿಗೂ ಅವಳ ಮಗಳಿಗೂ ಬಂದದ್ದು ಆ ಕೆಟ್ಟ ಪ್ರತಿಯಿಂದಲೇ ಎಂದು ನಿಶ್ಚಯವೇ?

ವೈದ್ಯೆ: ಅಲ್ಲ. ಒಟ್ಟು ರೋಗಿಗಳಲ್ಲಿ ಇಂಥ ಒಂದೇ ಪ್ರಬಲ ದೋಷದಿಂದ ರೋಗ ಬಂದವರು ನೂರಕ್ಕೆ ಐದರಿಂದ ಹತ್ತು ಮಂದಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಕಿದ್ವಾಯಿಯವರೂ ಕೂಡಿ, ಕುಟುಂಬದಲ್ಲಿ ಹಿಂದೆ ರೋಗವಿದ್ದ ದಕ್ಷಿಣ ಭಾರತದ 61 ರೋಗಿಗಳನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ದೋಷ ಸಿಕ್ಕಿದ್ದು 17 ಮಂದಿಯಲ್ಲಿ. ಅವರಲ್ಲಿ 15 ಮಂದಿಯದು ಬಿಆರ್‌ಸಿಎ-1ರ ದೋಷ. ಹತ್ತು ಮಂದಿಯಲ್ಲಿ ಕಂಡದ್ದು, ನ್ಯೂಯಾರ್ಕಿನ ಆ ಯಹೂದಿ ಮನೆತನಗಳಲ್ಲಿ ಪ್ರಸಿದ್ಧವಾದ, ಎರಡಕ್ಷರ ಲೋಪವಾದ ದೋಷವೇ! ಉಳಿದ 44 ಮಂದಿಯಲ್ಲಿ ಏನೂ ಸಿಗಲಿಲ್ಲ. ಒಂದೊಂದೂ ಅಣುವಿನಷ್ಟೇ ಬಲವುಳ್ಳ ನೂರಾರು ಸಣ್ಣ ಭೇದಗಳು ಕೂಡಿಯೂ, ಒಂದೇ ಮನೆಯ ಊಟ ಉಡಿಗೆ ದುಡಿಮೆಗಳು ಒಂದೇ ಆದುದರಿಂದಲೂ ರೋಗವು ಕುಟುಂಬದಲ್ಲಿ ಮರಳಿ ಮರಳಿ ಕಾಣಬಹುದು. ಆದರೆ ನಿಮ್ಮ ಸೋದರಸೊಸೆಗೆ ನಲವತ್ತರೊಳಗೆ ಬಂದುದರಿಂದ, ವಿಚಾರಿಸದೆ ಬಿಡುವಂತಿಲ್ಲ. ನಿಮ್ಮ ತಾಯಿಯವರು ಹೇಗೆ ತೀರಿಕೊಂಡರು?

ಉಪಾಧ್ಯಾಯರು: ಅವಳಿಗೆ ಎದೆಯಲ್ಲಿ ಏನೂ ಇರಲಿಲ್ಲ. ಐವತ್ತರ ಆಸುಪಾಸಿನಲ್ಲಿ ಮಹೋದರವಾಯಿತು. ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ತೆಗೆಸಿದರೆ ಮತ್ತೆ ತುಂಬುತ್ತಿತ್ತು. ಆರು ತಿಂಗಳೂ ಉಳಿಯಲಿಲ್ಲ.

ವೈದ್ಯೆ: ಅದು ಯಕೃತ್ತಿನ ರೋಗವಿರಬಹುದು, ಕ್ಷಯವಿರಬಹುದು. ಅಂಡಾಶಯದ ಕ್ಯಾನ್ಸರೂ ಆಗಿರಬಹುದು. ಅದು ಬಹುಮಟ್ಟಿಗೆ ಹೀಗೆಯೇ ಹೊಟ್ಟೆಯ ನೀರಾಗಿ ತೋರಿಕೊಳ್ಳುತ್ತದೆ, ಮತ್ತು ಬಿಆರ್‌ಸಿಎ ದೋಷವಿರುವ ಮನೆತನಗಳಲ್ಲಿ ಅದು ಸ್ತನದ ಕ್ಯಾನ್ಸರಿನ ಜೊತೆಯಲ್ಲಿಯೇ ನಡೆಯುತ್ತದೆ. ಅದು ನಿಜವಾಗಿದ್ದರೆ, ನಿಮ್ಮ ತಾಯಿಯಿಂದ ಆ ಪ್ರತಿ ನಿಮ್ಮ ಅಕ್ಕನಿಗೆ ಬಂದಂತೆಯೇ ನಿಮಗೂ ಬಂದಿರುವ ಸಂಭವ ಅರ್ಧದಷ್ಟಿದೆ.

ಉಪಾಧ್ಯಾಯರು: ನನಗೆ? ನಾನು ಗಂಡಸಲ್ಲವೇ?

ವೈದ್ಯೆ: ವಂಶವಾಹಿಗೆ ಗಂಡು ಹೆಣ್ಣೆಂಬ ಭೇದವಿಲ್ಲ. ಬಿಆರ್‌ಸಿಎ-2ರ ದೋಷ ಹೊತ್ತ ಗಂಡಸರಲ್ಲಿ ನೂರಕ್ಕೆ ಆರೇಳು ಮಂದಿಗೆ ಸ್ತನದ ಕ್ಯಾನ್ಸರೇ ಬರಬಹುದು. ಪ್ರಾಸ್ಟೇಟಿನದು ಅದಕ್ಕಿಂತ ಹೆಚ್ಚಾಗಿ ಬರುತ್ತದೆ. ಎಷ್ಟೋ ಮಂದಿ ಗಂಡಸರು ತಮಗೇನೂ ಆಗದೆ ಬಾಳಿ, ಹೆಣ್ಣುಮಕ್ಕಳಿಗೆ ಅದನ್ನು ದಾಟಿಸಿ ಹೋಗಿರುತ್ತಾರೆ. ತಂದೆಯ ಕಡೆಯಿಂದ ಬರುವುದಿಲ್ಲವೆಂಬ ಭ್ರಮೆಯಿಂದ, ಸೋದರತ್ತೆಯ ರೋಗವನ್ನು ಯಾರೂ ವೈದ್ಯರಿಗೆ ಹೇಳುವುದೇ ಇಲ್ಲ. ನಿಮ್ಮ ಹೆಣ್ಣುಮಕ್ಕಳಿಗೆ ಈ ಸಂಗತಿ ತಿಳಿದಿದೆಯೇ?

ಉಪಾಧ್ಯಾಯರು: ದೊಡ್ಡವಳಿಗೆ ಅತ್ತೆ ಹೋದದ್ದು ತಿಳಿದಿದೆ, ಯಾವುದರಿಂದ ಎಂಬುದು ತಿಳಿಯದು. ಚಿಕ್ಕವಳಿಗೆ ಗಂಡು ನೋಡುತ್ತಿದ್ದೇವೆ. ಗಂಡಿನ ಕಡೆಯವರ ಕಿವಿಗೆ ಬಿದ್ದರೆ ಸಂಬಂಧ ಕೂಡುವುದಿಲ್ಲವೆಂದು, ಸೋದರಸೊಸೆಯ ಶಸ್ತ್ರಚಿಕಿತ್ಸೆಯನ್ನೂ ಊರಿನಲ್ಲಿ ಯಾರಿಗೂ ಹೇಳಿಲ್ಲ.

ವೈದ್ಯೆ: ಆ ಭಯವನ್ನು ನಾನು ಹಳಿಯಲಾರೆ, ಅದನ್ನು ಹುಟ್ಟಿಸಿದವರು ನೀವಲ್ಲ. ಊರಿಗೆ ಹೇಳಬೇಕಾಗಿಯೂ ಇಲ್ಲ. ಆದರೆ ಮಕ್ಕಳಿಂದ ಮುಚ್ಚಿಟ್ಟರೆ, ನಿಮ್ಮ ಅಕ್ಕನಿಗೆ ಇಲ್ಲದಿದ್ದ ಅನುಕೂಲವನ್ನೆಲ್ಲ ಅವರಿಂದ ಕಸಿದುಕೊಂಡಂತೆ. ಮೊದಲು ಪರೀಕ್ಷೆಯಾಗಬೇಕಾದದ್ದು ರೋಗ ಬಂದಿರುವ ನಿಮ್ಮ ಸೋದರಸೊಸೆಯ ರಕ್ತ. ಅವಳಲ್ಲಿ ನಿಶ್ಚಿತವಾದ ದೋಷ ಸಿಕ್ಕರೆ ಮಾತ್ರ ಆಮೇಲೆ ನಿಮ್ಮದು. ನಿಮ್ಮಲ್ಲಿ ಅದು ಇಲ್ಲದಿದ್ದರೆ, ನಿಮ್ಮ ಹೆಣ್ಣುಮಕ್ಕಳಿಗೆ ನಿಮ್ಮ ಕಡೆಯಿಂದ ಆ ಚಿಂತೆ ಅಲ್ಲಿಗೇ ಮುಗಿಯಿತು. ಇದ್ದರೆ, ಅವರು ಮನಸ್ಸು ಮಾಡಿದರೆ ಅವರದು. ದೋಷವಿದ್ದವಳಿಗೆ ಸಾಮಾನ್ಯವಾಗಿ ಇಪ್ಪತ್ತೈದರಿಂದಲೇ ವರ್ಷಕ್ಕೊಮ್ಮೆ ಎಂಆರ್‌ಐ, ಮೂವತ್ತರ ಮೇಲೆ ಮ್ಯಾಮೋಗ್ರಾಂ ಕೂಡ. ಮಕ್ಕಳಾದ ಮೇಲೆ, ಬಿಆರ್‌ಸಿಎ-1 ಆದರೆ ಮೂವತ್ತೈದು ನಲವತ್ತರೊಳಗೆ, ಅಂಡಾಶಯಗಳನ್ನು ತೆಗೆಸುವ ವಿಚಾರ. ಅವಳು ನಡೆದಾಡುವುದೂ, ತೂಕವನ್ನು ಹಿಡಿತದಲ್ಲಿಡುವುದೂ, ಮಗುವಿಗೆ ಹಾಲೂಡುವುದೂ ನಿರರ್ಥಕವಲ್ಲ, ಆ 24 ಮತ್ತು 67ರ ಲೆಕ್ಕವನ್ನು ನೆನಪಿಡಿ. ಆದರೆ ಅಷ್ಟರಿಂದಲೇ ಪಾರಾದೆವೆಂದು ತಪಾಸಣೆಯನ್ನು ಬಿಡಬಾರದು. ದೋಷವಿಲ್ಲದವರಿಗೂ ನುರಿತ ಆರೋಗ್ಯ ಕಾರ್ಯಕರ್ತೆ ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ನೋಡುವ ಸರಳ ಪರೀಕ್ಷೆ ಪ್ರಯೋಜನಕಾರಿ. ಮುಂಬಯಿಯಲ್ಲಿ ಒಂದೂವರೆ ಲಕ್ಷ ಸ್ತ್ರೀಯರಲ್ಲಿ ಇಪ್ಪತ್ತು ವರ್ಷ ನಡೆಸಿದ ಪ್ರಯೋಗದಲ್ಲಿ, ಐವತ್ತು ದಾಟಿದವರಲ್ಲಿ ಈ ರೋಗದಿಂದಾಗುವ ಮರಣವು ಅದರಿಂದ ನೂರಕ್ಕೆ ಸುಮಾರು ಮೂವತ್ತರಷ್ಟು ತಗ್ಗಿದ್ದು 2021ರಲ್ಲಿ ಪ್ರಕಟವಾಗಿದೆ.

ಉಪಾಧ್ಯಾಯರು: ಚಿಕ್ಕವಳು ಬೆಂಗಳೂರಿನಲ್ಲಿಯೇ ಕೆಲಸದಲ್ಲಿದ್ದಾಳೆ. ಈ ಭಾನುವಾರ ಇಬ್ಬರನ್ನೂ ಕರೆಸುತ್ತೇನೆ. ಹೇಳುವುದಕ್ಕೆ ನನ್ನ ಕೈಯಲ್ಲಿ ಏನಿರಬೇಕು?

ವೈದ್ಯೆ: ಒಂದು ಹಾಳೆಯಲ್ಲಿ ವಂಶವೃಕ್ಷ. ತಾಯಿಯ ಕಡೆ, ತಂದೆಯ ಕಡೆ, ಗಂಡು ಹೆಣ್ಣು ಎಲ್ಲರೂ. ಯಾರಿಗೆ ಏನು ರೋಗ, ಯಾವ ವಯಸ್ಸಿನಲ್ಲಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಬರೆಯಿರಿ. ಪೆನ್ನಿದ್ದರೆ ಈಗಲೇ ಆರಂಭಿಸೋಣ. ನಿಮ್ಮ ತಾಯಿಗೆ ಅಕ್ಕತಂಗಿಯರು ಎಷ್ಟು ಮಂದಿ?

ಉಪಾಧ್ಯಾಯರು: ಮೂವರು. ದೊಡ್ಡಮ್ಮನನ್ನು ಚನ್ನಗಿರಿಗೆ ಕೊಟ್ಟಿದ್ದರು. ಆಕೆ ತುಂಬ ವಯಸ್ಸಾಗಿ ಹೋದಳು. ನಡುವಿನವಳು ನಲವತ್ತೆರಡಕ್ಕೋ ನಲವತ್ತಮೂರಕ್ಕೋ ಹೋದಳು, ಎದೆಯಲ್ಲಿ ಹುಣ್ಣಾಗಿತ್ತೆಂದು ಹೇಳುತ್ತಿದ್ದರು. ಬರೆದುಕೊಳ್ಳಿ.